ಕೆಂಪು ಸುರುಳಿ ಹಗ್ಗ

ಕೋಲ್ಟರ್ಸ್ ಫೋರ್ಕ್, ಕೆಂಟಕಿ
ಮಾರ್ಚ್ 12, 1988

ಪ್ರಿಯ ಓರಿನ್ ಟ್ಯಾಲ್ಬರ್ಟ್ ಅವರಿಗೆ,

ನಿಮ್ಮಿಂದ ಕೊಂಡ ದೋಣಿ ಸುಖವಾಗಿ ಮನೆ ಸೇರಿತು. ಟೆಕ್ಸಸ್‌ನಿಂದ ಇಲ್ಲಿಯವರೆಗಿನ ಐನೂರೈವತ್ತು ಮೈಲಿಯಲ್ಲಿ ಟ್ರೇಲರಿನ ಒಂದು ದೀಪ ಉದುರಿತು, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ಹಿಂದಿನಿಂದ ಗಲಾಟೆ ಕೇಳಿಸದ ಪ್ರಯಾಣ ನನಗೆ ಇದೇ ಮೊದಲು. ನನ್ನ ಹೆಂಡತಿ ನೋರೀನ್ ದೋಣಿಗೆ ಒಂದು ಸುತ್ತು ಹಾಕಿ, "ನಮ್ಮ ಅಡುಗೆಮನೆಗಿಂತ ಉದ್ದ ಇದೆಯಲ್ಲ ವರ್ನನ್, ಇನ್ಮೇಲೆ ಊಟನೂ ಇದರಲ್ಲೇ ಮಾಡ್ಕೋ" ಎಂದು ಒಳಗೆ ಹೋದಳು.

ಬಾಸ್ ಮೀನಿನ ಹುಚ್ಚು ನನಗೆ ಮೂವತ್ತು ವರ್ಷದ್ದು. ಆದರೆ ಇಷ್ಟು ದಿನ ನನ್ನದು ತಗಡಿನ ದೋಣಿ, ಇಪ್ಪತ್ತೈದು ಕುದುರೆಶಕ್ತಿಯ ಎಂಜಿನ್. ಈಗ ಒಮ್ಮೆಲೇ ಹದಿನೆಂಟು ಅಡಿಯ ಫೈಬರ್ ದೋಣಿ, ನೂರೈವತ್ತು ಕುದುರೆಶಕ್ತಿ. ಅಳಿಯನಿಗೆ ಹೆದರುವ ಮಾವನ ಹಾಗೆ ಹೆದರಿಕೊಂಡೇ ಓಡಿಸುತ್ತಿದ್ದೇನೆ. ತೊಂದರೆ ಏನೆಂದರೆ, ವೇಗ ಹೆಚ್ಚಿಸಿದ ಕೂಡಲೇ ದೋಣಿಯ ಮೂಗು ಮೇಲೆ ಕೆಳಗೆ ಕುಣಿಯುತ್ತದೆ. ಮೊನ್ನೆ ನನ್ನ ಟೋಪಿ, ತಿಂಡಿ ಡಬ್ಬಿ, ಒಂದು ಗಾಳದ ಕೋಲು ಮೂರೂ ಒಟ್ಟಿಗೆ ನೀರು ಪಾಲಾದವು. ಕೋಲು ಮಾತ್ರ ಸಿಕ್ಕಿತು.

ನೀವು ದೋಣಿ ಕೊಟ್ಟ ದಿನ, "ಏನಾದ್ರೂ ಕೇಳೋದಿದ್ರೆ ಬರೀರಿ, ಫೋನಲ್ಲಿ ನಂಗೆ ಮಾತು ಬರಲ್ಲ" ಎಂದಿದ್ದಿರಿ. ಜೀವಮಾನವಿಡೀ ದೋಣಿ ಸಜ್ಜುಮಾಡುವ ಅಂಗಡಿಯಲ್ಲೇ ಕೆಲಸ ಮಾಡಿದವರು ಎಂದು ಕೇಳಿದ್ದೇನೆ. ಅದಕ್ಕೇ ಈ ಕಾಗದ. ಇಂಥ ದೋಣಿಯನ್ನು ಏಳು ವರ್ಷ ಕೊಟ್ಟಿಗೆಯಲ್ಲಿ ಮುಚ್ಚಿಟ್ಟಿರಲ್ಲ, ಹೊಟ್ಟೆ ಉರಿಯುತ್ತದೆ ನನಗೆ. ಕೈನೋವು ಅಂದಿರಿ. ಈಗ ಹೇಗಿದೆ?

ನಿಮ್ಮ
ವರ್ನನ್ ಕ್ಯಾಗಲ್


ಬೇಲರ್ಸ್ ಲ್ಯಾಂಡಿಂಗ್, ಟೆಕ್ಸಸ್
ಮಾರ್ಚ್ 20, 1988

ಕ್ಯಾಗಲ್ ಅವರಿಗೆ,

ಮೂಗು ಕುಣಿಯುವುದು ಹಿಂಭಾಗದ ಭಾರದಿಂದ. ಮೂರೂ ಬ್ಯಾಟರಿಗಳು ಹಿಂದಿವೆ. ಎಂಜಿನ್ನಿನದನ್ನು ಅಲ್ಲೇ ಬಿಡಿ. ಉಳಿದೆರಡನ್ನು ಮುಂದಿನ ಅಟ್ಟದ ಕೆಳಗೆ ತನ್ನಿ. ಅವು ಮುಂದಿರುವ ಚಿಕ್ಕ ವಿದ್ಯುತ್ ಮೋಟಾರಿಗೆ ತಾನೇ, ತಂತಿಯ ಉದ್ದವೂ ಕಡಿಮೆಯಾಗುತ್ತದೆ. ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿಯಬೇಕು, ಬರೀ ಡಬ್ಬಿಯಲ್ಲಿಟ್ಟರೆ ಅಲೆಗೆ ಹಾರುತ್ತದೆ. ಎಂಜಿನ್ನನ್ನು ಅದರ ಬೋಲ್ಟಿನ ಒಂದು ರಂಧ್ರದಷ್ಟು ಮೇಲಕ್ಕೇರಿಸಿ. ಹೊರಡುವಾಗ ಪೂರ್ತಿ ಒಳಕ್ಕೆ ಬಾಗಿಸಿಕೊಂಡಿದ್ದು, ದೋಣಿ ನೀರಿನ ಮೇಲೆ ಸಮನಾದ ಮೇಲೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ ತನ್ನಿ. ಕುಣಿತ ಶುರುವಾದರೆ ಒಂದು ಚಿಟಿಕೆಯಷ್ಟು ಹಿಂದಕ್ಕೆ.

ಆಳ ತೋರಿಸುವ ಯಂತ್ರ ವೇಗದಲ್ಲಿ ತಪ್ಪು ತೋರಿಸಿದರೆ ದೋಣಿಯ ತಳಕ್ಕೆ ಅಂಟಿಸಿದ ಅದರ ತಟ್ಟೆಯ ಕೆಳಗಿನ ಅಂಟಿನಲ್ಲಿ ಗಾಳಿಗುಳ್ಳೆ ಇದೆ ಎಂದರ್ಥ. ಕೆರೆದು ಹೊಸ ಅಂಟು ಹಾಕಿ. ಅಂಟನ್ನು ಕಲಕುವಾಗ ಅವಸರ ಮಾಡಬೇಡಿ.

ಸ್ಟೀರಿಂಗ್ ಚಕ್ರದ ಪಕ್ಕ ಒಂದು ಸ್ವಿಚ್ಚಿದೆ. ಅದಕ್ಕೊಂದು ಕೆಂಪು ಸುರುಳಿ ಹಗ್ಗ ಸೇರುತ್ತದೆ. ಹಗ್ಗದ ಇನ್ನೊಂದು ತುದಿಯ ಕೊಕ್ಕೆ ಓಡಿಸುವವನ ತೇಲು ಜಾಕೆಟ್ಟಿನಲ್ಲಿರಬೇಕು. ಮನುಷ್ಯ ನೀರಿಗೆ ಬಿದ್ದರೆ ಹಗ್ಗ ಕಿತ್ತುಬಂದು ಎಂಜಿನ್ ಆರುತ್ತದೆ. ನೀರಿಗಿಳಿದ ಪ್ರತಿ ದಿನವೂ ಒಮ್ಮೆ ಹಗ್ಗ ಎಳೆದು, ಎಂಜಿನ್ ಆರುತ್ತದೆಯೇ ಎಂದು ನೋಡಿ. ಮೊದಲು ಅದನ್ನು ಮಾಡಿ, ಬ್ಯಾಟರಿ ಆಮೇಲೆ.

ಕೈ ಹಾಗೇ ಇದೆ.

ಓ. ಟ್ಯಾಲ್ಬರ್ಟ್


ಕೋಲ್ಟರ್ಸ್ ಫೋರ್ಕ್
ಏಪ್ರಿಲ್ 10, 1988

ಪ್ರಿಯ ಓರಿನ್,

ಇನ್ನು 'ಅವರಿಗೆ' ಬೇಡ, ನಿಮ್ಮ ಬ್ಯಾಟರಿ ಹೊತ್ತು ನನ್ನ ಸೊಂಟ ಹೋಗಿದೆ. ಅಷ್ಟು ಮಾಡಿದ ಮೇಲೆ ನಾವು ನೆಂಟರಾದ ಹಾಗೆಯೇ.

ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದೆ. ಈಗ ದೋಣಿ ನೀರಿಗೆ ಇಸ್ತ್ರಿ ಹಾಕಿದಂತೆ ಹೋಗುತ್ತದೆ. ನಮ್ಮ ಗಾಳದ ಕ್ಲಬ್ಬಿನ ಹಾಯ್ಟ್ ಎನ್ನುವವನು ದೋಣಿಗಳ ಇಳಿದಾಣದಲ್ಲಿ ನಿಂತು, "ಯಾರಿಂದ ಮಾಡಿಸ್ದೆ? ನಿನ್ನ ಕೈಲಿ ಆಗೋ ಕೆಲಸ ಅಲ್ಲ ಇದು" ಎಂದ. ಟೆಕ್ಸಸ್‌ನಲ್ಲಿ ನನಗೊಬ್ಬ ಗುರು ಇದ್ದಾನೆ ಎಂದೆ. ಹೆಸರು ಹೇಳಲಿಲ್ಲ, ಹೇಳಿದರೆ ನಾಳೆ ಅವನೂ ನಿಮಗೆ ಕಾಗದ ಬರೆಯಲು ಕೂರುತ್ತಾನೆ.

ಇನ್ನೊಂದು ಸಹಾಯ ಬೇಕು. ಹಳೆಯ ನದಿಯ ದಂಡೆಯುದ್ದಕ್ಕೂ ನೀರಿನಡಿ ಮುಳುಗಿದ ಬೊಡ್ಡೆಗಳಲ್ಲಿ ಮೀನಿದೆ. ರಬ್ಬರ್ ಹುಳು ಬಿಡುತ್ತೇನೆ, ಟಕ್ ಟಕ್ ಎಂದು ಕಚ್ಚುತ್ತದೆ, ಎಳೆಯುತ್ತೇನೆ, ಬರಿಗೈ. ಹತ್ತರಲ್ಲಿ ಏಳು ಹೀಗೆ. ನೋರೀನ್ ಹಿಂದೆ ಕೂತು ಅದೇ ಹುಳುವಿನಲ್ಲಿ ನಾಲ್ಕು ಹಿಡಿದಳು. ಮನೆಗೆ ಬರುವವರೆಗೂ ಒಂದು ಮಾತಾಡಲಿಲ್ಲ, ಬರೀ ನಗು. ಬೈದಿದ್ದರೆ ವಾಸಿಯಿತ್ತು.

ನಿಮ್ಮ ಸ್ವಿಚ್ಚಿನ ವಿಷಯ. ಸ್ವಿಚ್ಚಿದೆ, ಆದರೆ ಕೆಂಪು ಹಗ್ಗ ದೋಣಿಯಲ್ಲೆಲ್ಲೂ ಇಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಎಲ್ಲೋ ಬಿದ್ದಿರಬೇಕು, ಅವಸರವಿಲ್ಲ. ಹಗ್ಗವಿಲ್ಲದೆಯೂ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತದೆ, ಕೀಲಿ ತಿರುಗಿಸಿದರೆ ಆರುತ್ತದೆ. ಹಾಗಾಗಿ ಸ್ವಿಚ್ಚು ಚೆನ್ನಾಗಿಯೇ ಇದೆ, ಚಿಂತೆ ಬಿಡಿ.

ನಿಮ್ಮ
ವರ್ನನ್


ಬೇಲರ್ಸ್ ಲ್ಯಾಂಡಿಂಗ್
ಮೇ 20, 1988

ವರ್ನನ್,

ತಡವಾಯಿತು.

ಮೀನು ಹುಳುವನ್ನು ಕಚ್ಚಿದ ಕೂಡಲೇ ನೀವು ಎಳೆಯುತ್ತಿದ್ದೀರಿ. ಆಗ ದಾರ ಸಡಿಲವಿರುತ್ತದೆ, ನಿಮ್ಮ ಬಲವೆಲ್ಲ ದಾರವನ್ನು ನೇರ ಮಾಡುವುದಕ್ಕೇ ಖರ್ಚಾಗುತ್ತದೆ. ಟಕ್ ಎಂದಾಗ ಕೋಲನ್ನು ಕೆಳಗಿಳಿಸಿ, ಸಡಿಲ ಸುತ್ತಿಕೊಳ್ಳಿ, ಮೀನಿನ ಭಾರ ಕೈಗೆ ಬಂದ ಮೇಲೆ ಎರಡೂ ಕೈಯಲ್ಲಿ ಎತ್ತಿ. ಮುಳುಗಿದ ಮರದಲ್ಲಿ ಇಪ್ಪತ್ತು ಪೌಂಡಿನ ಎಳೆತ ತಡೆಯುವ ದಾರಕ್ಕಿಂತ ಕಡಿಮೆಯದು ಬೇಡ. ಸೀಸದ ಗುಂಡು ದಾರದ ಮೇಲೆ ಜಾರಾಡುತ್ತಿದ್ದರೆ ಅದರ ರಂಧ್ರಕ್ಕೆ ಹಲ್ಲುಕಡ್ಡಿ ತುರುಕಿ, ಮಿಕ್ಕಿದ್ದನ್ನು ಮುರಿಯಿರಿ. ಗುಂಡು, ಹುಳು ಎರಡೂ ಒಂದಾಗಿ ಇಳಿಯುತ್ತವೆ. ಕೊಕ್ಕೆಯ ತುದಿಯನ್ನು ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಮೊಂಡಾಗಿದೆ ಎಂದರ್ಥ. ನಿಮ್ಮ ಹೆಂಡತಿಯ ಕೊಕ್ಕೆ ಚೂಪಾಗಿರಬೇಕು, ಅಥವಾ ಆಕೆಗೆ ತಾಳ್ಮೆ ಇರಬೇಕು. ಎರಡನೆಯದೇ ಇರಬಹುದು.

ಇದರೊಂದಿಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಹೊಸ ಸ್ವಿಚ್ಚು, ಹೊಸ ಹಗ್ಗ. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿ. ಚಕ್ರದ ಕೆಳಗಿನ ಹಲಗೆಗೆ ಆರು ತಿರುಪು ಮೊಳೆ, ಹತ್ತು ನಿಮಿಷದ ಕೆಲಸ. ಕಪ್ಪು ಹಳದಿ ತಂತಿಯನ್ನು ಸ್ವಿಚ್ಚಿಗೆ ಸೇರಿಸಬೇಕು. ಹಾಕುವವರೆಗೆ ದೋಣಿ ನೀರಿಗಿಳಿಸಬೇಡಿ. ಹಾಕಿದ ಮೇಲೆ ಒಂದು ಸಾಲು ಬರೆಯಿರಿ.

ಓರಿನ್


ಕೋಲ್ಟರ್ಸ್ ಫೋರ್ಕ್
ಜೂನ್ 7, 1988

ಪ್ರಿಯ ಓರಿನ್,

ಹಲ್ಲುಕಡ್ಡಿಗೆ ನಮಸ್ಕಾರ. ಶನಿವಾರ ಐದು ಮೀನು, ದೊಡ್ಡದು ಆರು ಪೌಂಡು. ತೂಕ ಹಾಕಿ ಜೀವಂತವಾಗಿಯೇ ಬಿಟ್ಟೆ. ನೋರೀನಳಿಗೆ ಎರಡೇ ಸಿಕ್ಕಿದ್ದು. ಬರುವಾಗ ನಾನೂ ಮಾತಾಡಲಿಲ್ಲ.

ಈಗ ಮನಸ್ಸಿನಲ್ಲಿರುವುದನ್ನು ಕೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ನಲವತ್ತು ದಿನ ಒಂದು ಸಾಲಿಲ್ಲ, ಆಮೇಲೆ ಕೇಳದೇ ಇದ್ದ ಪೊಟ್ಟಣ, ಜೊತೆಗೆ ದೋಣಿ ನೀರಿಗಿಳಿಸಬೇಡಿ ಎಂಬ ಅಪ್ಪಣೆ. ಮಾರಿದ್ದಕ್ಕೆ ನಿಮಗೆ ಮನಸ್ಸು ಕುಟುಕುತ್ತಿದೆಯೇ? ನನ್ನ ತಂದೆ ಒಂದು ಹೇಸರಗತ್ತೆ ಮಾರಿ, ಕೊಂಡವರ ಮನೆಗೆ ತಿಂಗಳಿಗೊಮ್ಮೆ ಹೋಗಿ ಅದರ ಗೊರಸು ನೋಡಿ ಬರುತ್ತಿದ್ದರು. ಕಡೆಗೆ ಆ ಮನೆಯವರು, "ನಿಮ್ಮ ಕತ್ತೆ ನೀವೇ ತಗೊಂಡ್ಹೋಗಿ ಮಾರಾಯ್ರೆ" ಎಂದರು. ನಾನು ಹಾಗೆ ಹೇಳುವುದಿಲ್ಲ. ದೋಣಿ ನನ್ನದು, ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ.

ಸ್ವಿಚ್ಚನ್ನು ಖಂಡಿತ ಹಾಕುತ್ತೇನೆ, ಆದರೆ ಈ ತಿಂಗಳಲ್ಲ. ಜೂನ್ 25ಕ್ಕೆ ನಮ್ಮ ಕ್ಲಬ್ಬಿನ ದಂಪತಿಗಳ ಪಂದ್ಯವಿದೆ. ಹೆಂಡತಿಯೇ ಓಡಿಸಬೇಕು, ಗಂಡ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು ಎಂಬುದು ನಿಯಮ. ನೋರೀನ್ ವಾರಕ್ಕೆರಡು ದಿನ ಅಭ್ಯಾಸ ಮಾಡುತ್ತಿದ್ದಾಳೆ. ನನಗಿಂತ ಜೋರಾಗಿ ಓಡಿಸುತ್ತಾಳೆ. ಪಂದ್ಯದ ಮುಂಚೆ ಚೆನ್ನಾಗಿ ಓಡುತ್ತಿರುವುದನ್ನು ಬಿಚ್ಚಬಾರದು, ಇದು ನಿಮಗೆ ಗೊತ್ತಿಲ್ಲದ್ದೇ?

ಬೇಸರವಿಲ್ಲ ತಾನೇ?

ವರ್ನನ್


ಬೇಲರ್ಸ್ ಲ್ಯಾಂಡಿಂಗ್
ಜೂನ್ 14, 1988

ವರ್ನನ್,

ನಿಮ್ಮ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಹಗ್ಗವಿಲ್ಲದೆ ಎಂಜಿನ್ ಹತ್ತಿಕೊಳ್ಳಲೇಬಾರದು. ಹತ್ತಿಕೊಳ್ಳುತ್ತದೆಂದರೆ ತಂತಿ ಸ್ವಿಚ್ಚಿಗೆ ಸೇರಿಲ್ಲ. ಹಲಗೆ ಬಿಚ್ಚಿದರೆ ಕಪ್ಪು ಹಳದಿ ತಂತಿಯ ತುದಿಗೆ ಟೇಪು ಸುತ್ತಿರುವುದು ಕಾಣುತ್ತದೆ. ಅದನ್ನು ಸುತ್ತಿದವನು ನಾನು.

1981ರ ಮೇ ತಿಂಗಳು, ನಮ್ಮ ಕ್ಲಬ್ಬಿನ ಪಂದ್ಯ. ನನ್ನ ಜೊತೆಗಾರ ಡಾಯ್ಲ್ ಮೇಬ್ರಿ. ಹದಿನಾರು ವರ್ಷ ಒಂದೇ ದೋಣಿಯಲ್ಲಿ ಮೀನು ಹಿಡಿದವರು ನಾವು. ದೋಣಿಗಳನ್ನು ನಂಬರಿನ ಪ್ರಕಾರ ಬಿಡುತ್ತಾರೆ, ನಿಮಗೆ ಗೊತ್ತು. ನಮ್ಮದು ಹದಿನಾಲ್ಕು. ಹನ್ನೊಂದನೆಯದು ಹೊರಡುವಾಗ ನಮ್ಮ ಎಂಜಿನ್ ಹತ್ತಿಕೊಳ್ಳಲಿಲ್ಲ. ಸ್ವಿಚ್ಚು ಒಳಗೇ ಕೆಟ್ಟಿತ್ತು. ಡಾಯ್ಲ್ ಟ್ರಕ್ಕು ನಿಲ್ಲಿಸಿ ಬರಲು ಹೋಗಿದ್ದ. ನಾನು ಹಲಗೆಯ ಕೆಳಗೆ ಕೈಹಾಕಿ ತಂತಿ ಕಿತ್ತು, ಟೇಪು ಸುತ್ತಿದೆ. ಎಂಜಿನ್ ಹತ್ತಿಕೊಂಡಿತು. ಸಂಜೆ ಸರಿಮಾಡಿದರಾಯಿತು ಅಂದುಕೊಂಡೆ. ಹೊಸ ಸ್ವಿಚ್ಚು ಟ್ರಕ್ಕಿನ ಪೆಟ್ಟಿಗೆಯಲ್ಲೇ ಇತ್ತು. ಹಾಕಿದ್ದರೆ ನಾವು ಹದಿನಾಲ್ಕನೆಯವರ ಬದಲು ಮೂವತ್ತನೆಯವರಾಗಿ ಹೊರಡುತ್ತಿದ್ದೆವು. ಒಳ್ಳೆಯ ಜಾಗಗಳು ಬೇರೆಯವರ ಪಾಲಾಗುತ್ತಿದ್ದವು, ಆ ನಷ್ಟ ನನಗೆ ದೊಡ್ಡದಾಗಿ ಕಂಡಿತು. ಡಾಯ್ಲ್‌ಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥ ವಿಷಯವೆಂದು ಅನ್ನಿಸಲೇ ಇಲ್ಲ.

ಮಧ್ಯಾಹ್ನ ಮರಳುವಾಗ ನನ್ನ ಮಣಿಕಟ್ಟು ನೋಯುತ್ತಿತ್ತು. "ಏಳೋ ಮುದುಕ, ನಾನು ಓಡಿಸ್ತೀನಿ" ಎಂದು ಡಾಯ್ಲ್ ಚಕ್ರ ಹಿಡಿದ. ಕೊಲ್ಲಿಯ ಬಾಯಲ್ಲಿ ಅರ್ಧ ಮುಳುಗಿದ ದಿಮ್ಮಿಗೆ ದೋಣಿ ಬಡಿಯಿತು. ಅವನು ಬಲಕ್ಕೆ ಸಿಡಿದು ನೀರಿಗೆ ಬಿದ್ದ. ಹಗ್ಗ ಸ್ವಿಚ್ಚಿನಿಂದ ಕಿತ್ತು ಅವನ ಹಿಂದೆಯೇ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಎಂಜಿನ್ ಆರಲಿಲ್ಲ. ಚಾಲಕನಿಲ್ಲದ ದೋಣಿ ತಾನಾಗಿ ಒಂದು ಪಕ್ಕಕ್ಕೆ ತಿರುಗಿ ಸುತ್ತು ಹಾಕುತ್ತದೆ. ನಾನು ಎದ್ದು ಕೀಲಿಗೆ ಕೈ ಹಾಕುವಷ್ಟರಲ್ಲಿ ಅದು ಅವನ ಮೇಲೆ ಬಂದಿತ್ತು.

ಅವನನ್ನು ದೋಣಿಗೆ ಎಳೆದುಕೊಂಡಾಗ ಕೊಕ್ಕೆ ಇನ್ನೂ ಜಾಕೆಟ್ಟಿನಲ್ಲೇ ಇತ್ತು. ಬೇರೆ ದೋಣಿಗಳು ಬರುವ ಮೊದಲು ನಾನು ಅದನ್ನು ಬಿಚ್ಚಿ ಹಗ್ಗದ ಸಮೇತ ನೀರಿಗೆ ಎಸೆದೆ. ಕೇಳಿದವರಿಗೆಲ್ಲ, "ಅವ್ನು ಹಗ್ಗ ಸಿಕ್ಕಿಸ್ಕೊಂಡಿರ್ಲಿಲ್ಲ" ಎಂದೆ. ಎಲ್ಲರೂ ನಂಬಿದರು. ನಮ್ಮಲ್ಲಿ ಅರ್ಧ ಜನ ಸಿಕ್ಕಿಸಿಕೊಳ್ಳುವುದೂ ಇಲ್ಲವಲ್ಲ.

ಅಂದಿನಿಂದ ಇಲ್ಲಿ ಒಂದು ಪದ್ಧತಿ ಬೆಳೆದಿದೆ. ಪ್ರತಿ ಪಂದ್ಯದ ಬೆಳಗ್ಗೆ ಕ್ಲಬ್ಬಿನ ಅಧ್ಯಕ್ಷರು ಇಳಿದಾಣದಲ್ಲಿ ನಿಂತು, "ಡಾಯ್ಲ್ ಮೇಬ್ರಿ ಥರ ಮಾಡ್ಬೇಡಿ, ಹಗ್ಗ ಸಿಕ್ಕಿಸ್ಕೊಳ್ಳಿ" ಎಂದು ಕೂಗುತ್ತಾರೆ. ಹುಡುಗರೆಲ್ಲ ಒಟ್ಟಿಗೆ ಕೊಕ್ಕೆ ಹಾಕಿಕೊಳ್ಳುತ್ತಾರೆ. ನಾನು ಮೀನು ಹಿಡಿಯುವುದು ಬಿಟ್ಟಿದ್ದು ಅದನ್ನು ಕೇಳಲಾಗದೆ. ಕೈನೋವು ಸುಳ್ಳು.

ಅವನ ಹೆಂಡತಿ ವೆಲ್ಮಾ ನನ್ನ ಮನೆಯಿಂದ ಒಂಬತ್ತು ಮೈಲಿಯಲ್ಲಿದ್ದಾಳೆ. ಮಣ್ಣು ಮಾಡಿದ ದಿನ ಆಕೆ ಅಳಲಿಲ್ಲ. ನನ್ನ ತೋಳು ಹಿಡಿದು, "ಎರಡು ಸೆಕೆಂಡಿನ ಕೆಲಸ ಓರಿನ್. ನಂಗೋಸ್ಕರ ಅಷ್ಟನ್ನೂ ಮಾಡ್ಲಿಲ್ಲ ಅವ್ನು" ಎಂದಳು. ಈಗಲೂ ಅದನ್ನೇ ಹೇಳುತ್ತಾಳೆಂದು ಕೇಳಿದ್ದೇನೆ. ಸಮಾಧಿಯ ಕಡೆಗೆ ಹೋಗುವುದಿಲ್ಲವಂತೆ.

ಮಾರುವ ಮೊದಲು ಆ ಹಲಗೆ ಬಿಚ್ಚಬೇಕಿತ್ತು. ಮೂರು ಸಲ ತಿರುಪುಳಿ ಹಿಡಿದು ಹೋದೆ, ಆಗಲಿಲ್ಲ. ನೀವೇ ಹೊಸ ಹಗ್ಗ ತಂದು, ಎಳೆದು ನೋಡಿ, ದೋಷ ಕಂಡುಹಿಡಿದು, ನನ್ನನ್ನು ಬೈದು ಸರಿಮಾಡಿಕೊಳ್ಳುತ್ತೀರಿ ಅಂದುಕೊಂಡೆ. ಅಷ್ಟಕ್ಕೇ ಮುಗಿಯಲಿ ಎಂದಿದ್ದೆ. ಹೇಡಿತನ ಬಿಟ್ಟರೆ ಇದಕ್ಕೆ ಬೇರೆ ಹೆಸರಿಲ್ಲ. ನಿಮಗೆ ಕಳಿಸಿದ ಸ್ವಿಚ್ಚು ಅಂದು ಟ್ರಕ್ಕಿನಲ್ಲಿದ್ದದ್ದೇ. ಅದು ಚೆನ್ನಾಗಿದೆ, ಪರೀಕ್ಷಿಸಿದ್ದೇನೆ.

ಹೆಂಡತಿಯನ್ನು ಆ ಚಕ್ರದ ಮುಂದೆ ಕೂರಿಸಬೇಡಿ. ಮೊದಲು ಅದನ್ನು ಹಾಕಿ.

ಓರಿನ್ ಟ್ಯಾಲ್ಬರ್ಟ್


ಕೋಲ್ಟರ್ಸ್ ಫೋರ್ಕ್
ಜೂನ್ 22, 1988

ಟ್ಯಾಲ್ಬರ್ಟ್ ಅವರಿಗೆ,

ಹಲಗೆ ಬಿಚ್ಚಿದೆ. ಟೇಪು ಇತ್ತು. ಹೊಸ ಸ್ವಿಚ್ಚು ಹಾಕಿದ್ದಾಗಿದೆ. ಹಗ್ಗ ಎಳೆದೆ, ಆರಿತು. ಹತ್ತು ಸಲ ಎಳೆದೆ, ಹತ್ತು ಸಲವೂ ಆರಿತು.

ಮಾರ್ಚಿನಿಂದ ಇಲ್ಲಿಯವರೆಗೆ ಮೂವತ್ತೊಂದು ಸಲ ನೀರಿಗಿಳಿದಿದ್ದೇವೆ. ಕ್ಯಾಲೆಂಡರಿನಲ್ಲಿ ಗುರುತಿದೆ. ಅದರಲ್ಲಿ ಹದಿಮೂರು ಸಲ ಚಕ್ರ ಹಿಡಿದವಳು ನೋರೀನ್. ಬೊಡ್ಡೆಗಳ ನಡುವೆ, ಗಂಟೆಗೆ ಐವತ್ತು ಮೈಲಿ. ಬ್ಯಾಟರಿ ಎಲ್ಲಿಡಬೇಕೆಂದು ಅಂಗುಲ ಲೆಕ್ಕದಲ್ಲಿ ಬರೆದವರಿಗೆ, 'ತಂತಿ ಕಿತ್ತಿದೆ' ಎಂಬ ಎರಡು ಪದ ಬರೆಯಲು ಮೂರು ತಿಂಗಳು ಬೇಕಾಯಿತು. ನಾನು ನಿಮ್ಮನ್ನು ಗುರು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಕೋಪ ಬಂದಿದೆ, ಅದನ್ನು ಮುಚ್ಚಿಟ್ಟು ಬರೆಯುವ ಅಭ್ಯಾಸ ನನಗಿಲ್ಲ.

ನೋರೀನ್ ನಿಮ್ಮ ಕಾಗದ ಎರಡು ಸಲ ಓದಿದಳು. "ಇದನ್ನ ನಮಗ್ಯಾಕೆ ಬರ್ದ ಈ ಮನುಷ್ಯ? ಆ ಹೆಂಗಸಿಗೆ ಬರೀಬೇಕಿತ್ತು" ಎಂದಳು. ಸ್ವಿಚ್ಚು ಬದಲಾಯಿಸಿ ಎನ್ನಲು ನಮಗೆ ಮೊದಲ ನಾಲ್ಕು ಸಾಲು ಸಾಕಿತ್ತು. ಮಿಕ್ಕಿದ್ದು ನಮ್ಮ ಸೊತ್ತಲ್ಲ. ಆದ್ದರಿಂದ ನಿಮ್ಮ ಕಾಗದವನ್ನು ಈ ಲಕೋಟೆಯಲ್ಲೇ ವಾಪಸು ಇಟ್ಟಿದ್ದೇನೆ. ಆಕೆಗೆ ಅಂಚೆಯಲ್ಲಿ ಕಳಿಸಬೇಡಿ. ಒಂಬತ್ತು ಮೈಲಿಗೆ ಅಂಚೆ ಚೀಟಿ ಬೇಕಾಗಿಲ್ಲ.

ನೀವು ಹೋಗುವವರೆಗೆ ನನಗೆ ಏನೂ ಬರೆಯಬೇಡಿ. ಮೀನಿನ ಬಗ್ಗೆಯೂ ಬೇಡ.

ವರ್ನನ್ ಕ್ಯಾಗಲ್


ಬೇಲರ್ಸ್ ಲ್ಯಾಂಡಿಂಗ್
ಜೂನ್ 29, 1988

ವರ್ನನ್,

ಹೋಗಿಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಲಕೋಟೆ ಸೋಮವಾರ ಸಿಕ್ಕಿತು. ಮಂಗಳವಾರ ಸರೋವರದ ಕಾವಲು ಅಧಿಕಾರಿಯ ಮುಂದೆ ಕುಳಿತು ಎಲ್ಲ ಬರೆದುಕೊಟ್ಟೆ. ಅಂದಿನ ಅಧಿಕಾರಿ ನಿವೃತ್ತರಾಗಿದ್ದಾರೆ, ಈಗಿರುವವರು ಚಿಕ್ಕ ವಯಸ್ಸಿನವರು. "ಮುಂದೇನಾಗುತ್ತೋ ನಂಗೂ ಗೊತ್ತಿಲ್ಲ, ಊರು ಬಿಟ್ಟು ಹೋಗ್ಬೇಡಿ" ಎಂದರು. ಎಲ್ಲಿಗೂ ಹೋಗುವವನಲ್ಲ ಎಂದೆ. ಕ್ಲಬ್ಬಿನ ಪಂದ್ಯ ಈ ಶನಿವಾರ. ಅಧ್ಯಕ್ಷರು ಕೂಗುವ ಮೊದಲು ಅಲ್ಲಿ ನಿಂತು ಹೇಳಬೇಕಾದ್ದನ್ನು ಹೇಳುತ್ತೇನೆ. ಅವರು ಒಪ್ಪಿದ್ದಾರೆ. 

ಇವತ್ತು ಬೆಳಗ್ಗೆ ವೆಲ್ಮಾಳ ಮನೆಗೆ ಹೋದೆ. ಬೆಂಡೆಕಾಯಿ ಹೆಚ್ಚುತ್ತಿದ್ದಳು. ಕೂರು ಎಂದಳು, ಕೂರಲಿಲ್ಲ. ನೀವು ವಾಪಸು ಕಳಿಸಿದ ಕಾಗದವನ್ನು ಕೊಟ್ಟೆ. ಬಾಯಲ್ಲಿ ಹೇಳಬೇಕೆಂದೇ ಹೋಗಿದ್ದೆ, ಆಗಲಿಲ್ಲ. ಆಕೆ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ನಿಂತೇ ಓದಿದಳು. ಒಂದು ಕಡೆ ನಿಲ್ಲಿಸಿ, ಹಿಂದಿನ ಹಾಳೆಗೆ ಹೋಗಿ, ಮತ್ತೆ ಅಲ್ಲಿಂದ ಓದಿದಳು. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ನನಗೆ ಒಳ್ಳೆಯದಿತ್ತು.

ಕೇಳಿದ್ದು ಒಂದೇ ಮಾತು. "ಹಗ್ಗ ಸಿಕ್ಕಿಸ್ಕೋ ಅಂತ ನೀನು ಹೇಳಿದ್ಯಾ, ಇಲ್ಲ ಅವ್ನೇ ಸಿಕ್ಕಿಸ್ಕೊಂಡ್ನಾ?"

"ನಾನು ಹೇಳ್ಲಿಲ್ಲ. ಕೂರೋಕೂ ಮುಂಚೆ ಅವ್ನೇ ಸಿಕ್ಕಿಸ್ಕೊಂಡ. ಗಟ್ಟಿಯಾಗಿದೆಯಾ ಅಂತ ಎಳೆದೂ ನೋಡ್ಕೊಂಡ" ಎಂದೆ. ಇದು ನಿಜ, ವರ್ನನ್. ಆಕೆಯ ಸಮಾಧಾನಕ್ಕೆ ಹೇಳಿದ್ದಲ್ಲ.

ವೆಲ್ಮಾ ಒಳಗೆ ಹೋಗಿ ಕಾರಿನ ಕೀಲಿ ತಂದಳು. ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಎಲ್ಲಿಗೆ ಎಂದು ನಾನು ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

"ಏಳು ವರ್ಷ ಅವ್ನನ್ನ ಬೈದಿದ್ದೀನಿ. ಇವತ್ತು ಅವ್ನ ಹತ್ರ ಹೋಗಿ ಮಾತಾಡ್ಬೇಕು" ಎಂದಳು. "ನಿನ್ನ ವಿಚಾರ ನಾಳೆ. ಹತ್ತು ಗಂಟೆಗೆ ಬಾ."

ನಾಳೆ ಹತ್ತು ಗಂಟೆಗೆ ಹೋಗುತ್ತೇನೆ.

ಓರಿನ್